ಮುತ್ತೈದೆ ನೋಡಬಾರದ ಮದುವೆ

ನನ್ನ ತಂಗಿಯ ಎರಡನೆಯ ಮದುವೆ ನಡೆದಾಗ ನಾನು ಅದೇ ಮನೆಯಲ್ಲಿದ್ದೆ. ಆದರೂ ನೋಡಲಿಲ್ಲ. ಗದ್ವಾಲದ ನೋಂದಣಿ ಕಚೇರಿಯಲ್ಲಿ ಗುಮಾಸ್ತನಿಗೆ ಇದನ್ನು ಹೇಳಿದಾಗ ಅವನು ನಕ್ಕ. ನಗಲಿ ಬಿಡಿ, ಇದರಲ್ಲೇ ಹುಟ್ಟಿ ಬೆಳೆದ ನನಗೇ ಅರ್ಥವಾಗದ್ದು ಅವನಿಗೆ ಹೇಗೆ ಅರ್ಥವಾಗಬೇಕು?

ನಮ್ಮಲ್ಲಿ ಗಂಡ ಸತ್ತವಳಿಗೆ ಮತ್ತೆ ಮದುವೆ ಉಂಟು. ಅದಕ್ಕೆ ಉಡಿಕಿ ಅನ್ನುತ್ತಾರೆ. ಗಂಡಿನ ಕಡೆಯವರು ತಂದ ಸೀರೆಯನ್ನು ವಿಧವೆಯರೇ ಸೇರಿ ಅವಳಿಗೆ ಉಡಿಸುತ್ತಾರೆ, ಅವನು ತಾಳಿ ಕಟ್ಟುತ್ತಾನೆ, ಮುಗಿಯಿತು. ಹಸೆಮಣೆ ಇಲ್ಲ, ಬಾಸಿಂಗ ಇಲ್ಲ, ವಾಲಗ ಇಲ್ಲ, ಲಗ್ನಪತ್ರಿಕೆ ಇಲ್ಲ. ತವರಿನಿಂದ ಒಂದು ನೂಲೆಳೆಯೂ ಹೋಗುವಂತಿಲ್ಲ. ಗಂಡ ಬದುಕಿರುವ ಹೆಂಗಸರು ಅತ್ತ ಕಣ್ಣು ಹಾಯಿಸಿದರೆ ಅವರ ಮುತ್ತೈದೆತನಕ್ಕೇ ಕುತ್ತಂತೆ. ಹಾಗಾಗಿ ಆ ಸಂಜೆ ನಾರಾಯಣಪೇಟೆಯ ತವರುಮನೆಯಲ್ಲಿ ಅವ್ವ, ನಾನು ಮಗ್ಗದ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತಿದ್ದೆವು. ಹೆತ್ತ ಅಪ್ಪನೂ ನೋಡಬಾರದೆಂದು ಅವನು ಮಕ್ತಲಿನ ನನ್ನ ಗಂಡನ ಮನೆಗೆ ಹೋಗಿ ಕೂತುಬಿಟ್ಟಿದ್ದ. ಪಡಸಾಲೆಯಲ್ಲಿ ಬಳೆ ಸದ್ದಾಯಿತು, ಯಾರೋ ಕೆಮ್ಮಿದರು, ಜೀಪು ಹೊರಟಿತು. ಬಾಗಿಲು ತೆರೆದಾಗ ತಂಗಿ ಇರಲಿಲ್ಲ.

ಅವಳ ಸಂಸಾರವೇನೋ ಚೆನ್ನಾಗಿಯೇ ನಡೆಯಿತು. ಗಂಡ ಒಳ್ಳೆಯವನು, ಜೂರಾಲ ಅಣೆಕಟ್ಟಿನಲ್ಲಿ ಕೆಲಸ. ಒಬ್ಬ ಮಗಳೂ ಆದಳು. ಹೋದ ವರ್ಷ ಅವನಿಗೆ ಎದೆನೋವು ಬಂದು ಆಸ್ಪತ್ರೆ ಸೇರಿದಾಗಲೇ ಗೊತ್ತಾದದ್ದು, ಅವನ ಕೆಲಸದ ದಾಖಲೆಯಲ್ಲಿ ಹೆಂಡತಿ ಎಂದು ಇರುವುದು ತೀರಿಹೋದ ಮೊದಲನೆಯವಳ ಹೆಸರೇ ಎಂದು. ಅವನಿಗೆ ಏನಾದರೂ ಆದರೆ ನನ್ನ ತಂಗಿ ಸರ್ಕಾರದ ಲೆಕ್ಕಕ್ಕೆ ಯಾರೂ ಅಲ್ಲ. ಅವನ ಅಣ್ಣನಂತೂ ಆಸ್ಪತ್ರೆಯ ವರಾಂಡದಲ್ಲೇ, "ಉಡಿಕಿ ಮಾಡ್ಕೊಂಡಾಕಿ ಹೆಂಡ್ತಿ ಹೆಂಗ ಆಗ್ತಾಳ?" ಎಂದಿದ್ದ. ಕೈ ತುರಿಸಿತು. ಒಳಗೆ ರೋಗಿ ಮಲಗಿದ್ದಾನೆಂದು ಸುಮ್ಮನಾದೆ.

ಅವನು ಚೇತರಿಸಿಕೊಂಡ ಮೇಲೆ ಮದುವೆ ನೋಂದಣಿ ಮಾಡಿಸಲು ಓಡಾಟ ಶುರುವಾಯಿತು. ಕಾನೂನು ಉಡಿಕಿಯನ್ನು ಒಪ್ಪುತ್ತದೆ ಎಂದು ವಕೀಲರು ಹೇಳಿದ್ದರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ತಂಗಿ, ಅವಳ ಗಂಡ, ಮಗಳು, ಗಂಡಿನ ಸೋದರಮಾವ, ಅವ್ವ, ನಾನು ಎಲ್ಲರೂ ಗದ್ವಾಲದ ಕಚೇರಿಗೆ ಹೋದಾಗ ಗುಮಾಸ್ತ ತೆಲುಗಿನಲ್ಲಿ ಶುರುಮಾಡಿದ. "ಫೋಟೋ ಲೇದು, ಪತ್ರಿಕ ಲೇದು, ಇದೇಂ ಪೆಳ್ಳಮ್ಮಾ?"

ಇದೆಂಥ ಮದುವೆ ಎಂದು ನನ್ನನ್ನು ಕೇಳಿದರೆ? ಫೋಟೋ ತೆಗೆಯಬಾರದು, ಪತ್ರಿಕೆ ಹಂಚಬಾರದು ಎಂದು ಕಟ್ಟಳೆ ಮಾಡಿದವರು ಯಾವತ್ತೋ ಸತ್ತು ಸ್ವರ್ಗ ಸೇರಿದ್ದಾರೆ, ಉತ್ತರ ಕೊಡಲು ನಾವು ಸಿಕ್ಕಿದ್ದೇವೆ. ಅಲ್ಲೇ ಇದ್ದ ಒಬ್ಬರು ಗುಡಿಯಲ್ಲಿ ಇನ್ನೊಮ್ಮೆ ಮದುವೆ ಮಾಡಿ ಫೋಟೋ ತೆಗೆಸಿ ಎಂದರು. ಅವ್ವ ಸಿಡಿದೆದ್ದಳು. "ಹೆಣ್ಣು ಹಸಿಮಣಿ ಮ್ಯಾಲ ಎರಡು ಸಲ ಕುಂದ್ರಂಗಿಲ್ರಿ. ಅಪಶಕುನ ಆಗ್ತೈತಿ." ಮದುವೆ ಆಗಿಲ್ಲ ಅನ್ನುವ ಕಚೇರಿ ಒಂದು ಕಡೆ, ಮದುವೆಯಂತೆ ಕಾಣಲೇಬಾರದು ಅನ್ನುವ ಅವ್ವ ಇನ್ನೊಂದು ಕಡೆ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಹಾಕಿ ಬೀಗ ಜಡಿಯಬೇಕು ಅನ್ನಿಸಿತು.

ಕೊನೆಗೆ ಗುಮಾಸ್ತ ಒಂದು ದಾರಿ ಹೇಳಿದ. ಮದುವೆಯನ್ನು ಕಣ್ಣಾರೆ ನೋಡಿದ ಇಬ್ಬರು ಸಹಿ ಮಾಡಬೇಕು, ಅವರಲ್ಲೊಬ್ಬರು ಹೆಣ್ಣಿನ ಕಡೆಯವರು. ಗಂಡಿನ ಸೋದರಮಾವ ತಕ್ಷಣ ಸಹಿ ಹಾಕಿದರು. ನಮ್ಮ ಕಡೆಯಿಂದ ಅಲ್ಲಿದ್ದವರು ಸೀರೆ ಉಡಿಸಿದ ಇಬ್ಬರು ವಿಧವೆಯರು ಮಾತ್ರ. ಅವರಲ್ಲಿ ಸೋದರತ್ತೆ ತೀರಿಹೋಗಿದ್ದಾಳೆ. ದೊಡ್ಡಮ್ಮನಿಗೆ ಈಗ ತನ್ನ ಮಕ್ಕಳ ಗುರುತೂ ಸಿಗುವುದಿಲ್ಲ. ನಾನೇ ಮುಂದೆ ಹೋದೆ.

"ನೀವು ನೋಡೀರೇನಮ್ಮಾ?" ಎಂದು ಗುಮಾಸ್ತ ಕನ್ನಡಕ್ಕೆ ತಿರುಗಿದ.

"ಮನ್ಯಾಗೇ ಇದ್ದೆ. ಮುತ್ತೈದ್ಯಾರಿಗೆ ನೋಡಾಕ ಬಿಡಲಿಲ್ಲ," ಎಂದುಬಿಟ್ಟೆ. ಸಿಟ್ಟು ಬಂದರೆ ನನ್ನ ಬಾಯಿಗೆ ಸುಳ್ಳು ಬರುವುದಿಲ್ಲ, ಏನು ಮಾಡಲಿ. ಅವನು ನಕ್ಕು ಕಾಗದ ಹಿಂದಕ್ಕೆ ತಳ್ಳಿದ. ತಂಗಿ ಅಳಲಿಲ್ಲ. ಮಗಳ ಕೈ ಹಿಡಿದುಕೊಂಡು, "ನಡಿ ಅಕ್ಕ, ಸಾಕು," ಎಂದಳು.

ಆಗ ಬೆಂಚಿನಲ್ಲಿ ಕುಳಿತಿದ್ದ ಅವ್ವ ಎದ್ದು ಬಂದಳು. ಹಿಂದಿನ ಶುಕ್ರವಾರವಷ್ಟೇ ಅಪ್ಪನ ಆಯುಷ್ಯಕ್ಕೆಂದು ಗುಡಿಯಲ್ಲಿ ದೇವಿಗೆ ಉಡಿ ತುಂಬಿ ಬಂದಿದ್ದವಳು. ಸೆರಗನ್ನು ಎಳೆದು ಕೊರಳಿನ ತಾಳಿ ಮುಚ್ಚಿಕೊಂಡಳು. "ನಾ ನೋಡೀನ್ರಿ. ಸೀರಿ ಉಡಿಸಿದ್ದು, ತಾಳಿ ಕಟ್ಟಿದ್ದು, ಎಲ್ಲಾ ಕಣ್ಣಾರೆ ನೋಡೀನಿ. ನಾ ಆಕಿನ ಹಡದಾಕಿ, ಬರಕೋರಿ." ಪೆನ್ನು ತೆಗೆದುಕೊಂಡು ಸಹಿ ಮಾಡಿದಳು. ನಾನು ತಡೆಯಲಿಲ್ಲ. ಅಪಶಕುನವೆಲ್ಲ ಬೊಗಳೆ ಎನ್ನುವ ನನಗೂ ಆ ಗಳಿಗೆಯಲ್ಲಿ ಅಪ್ಪನ ಮುಖವೇ ಕಣ್ಣೆದುರು ಬಂತು.

ಪ್ರಮಾಣಪತ್ರ ಮುಂದಿನ ವಾರ ಕೊಡುತ್ತೇವೆ ಎಂದರು. ಬಸ್ ಸ್ಟ್ಯಾಂಡಿನಲ್ಲಿ ನಾರಾಯಣಪೇಟೆಯ ಬಸ್ಸಿಗೆ ಕಾಯುತ್ತ ನಿಂತೆವು, ನಮ್ಮನ್ನು ಹತ್ತಿಸಲು ತಂಗಿ ಮಗಳ ಜೊತೆ ಬಂದಿದ್ದಳು. ಅವ್ವ ಆಮೇಲೆ ತಂಗಿಯ ಕಡೆ ತಿರುಗಿದಳು.

"ಅವತ್ತು ಯಾವ ಬಣ್ಣದ ಸೀರಿ ಉಟ್ಟಿದ್ದಿ ತಾಯಿ?"

"ಹಸರು, ಅವ್ವ."

"ಅಂಚು?"

ಅವ್ವ ಮದುವೆ ಸೀರೆ ನೇಯುವವಳು. ಈ ಸೀಮೆಯ ಅದೆಷ್ಟೋ ಮದುವಣಗಿತ್ತಿಯರು ಅವಳ ಮಗ್ಗದ ಸೀರೆ ಉಟ್ಟು ಹಸೆಗೆ ಕೂತಿದ್ದಾರೆ. ತಂಗಿ ಮಗಳ ಜಡೆ ಸರಿಮಾಡುತ್ತ ತಲೆ ತಗ್ಗಿಸಿಯೇ ಹೇಳಿದಳು.

"ಅಂಚು ಇರಲಿಲ್ಲ ಅವ್ವ. ಅದು ಮಿಲ್ಲಿನ ಸೀರಿ."