ಕೃಷ್ಣವೇಣಿ ಆರಿಸಿದ ಕಾಡತೂಸು

ನವೆಂಬರಿನ ಬೆಳಗು. ಲಂಡನ್ನಿನ ಪೂರ್ವದ ಅಂಚಿನಲ್ಲಿ, ವರ್ತುಲ ಹೆದ್ದಾರಿಯ ಮೊರೆತ ಕೇಳಿಸುವಷ್ಟು ಹತ್ತಿರದ ಕಾಡಿನಲ್ಲಿ, ಓಕ್ ಮರಕ್ಕೆ ಒರಗಿಸಿದ ಏಣಿಯ ತುದಿಯ ಹಲಗೆಯ ಮೇಲೆ ಕೃಷ್ಣವೇಣಿ ಕೂತಿದ್ದಾರೆ. ತೊಡೆಯ ಮೇಲೆ ರೈಫಲ್. ಬೆಳಕು ಹರಿಯುತ್ತಿದ್ದಂತೆ ಪೊದೆಯಿಂದ ಹೆಣ್ಣು ಜಿಂಕೆಯೊಂದು ಹೊರಬಂದು ಪಕ್ಕೆ ತೋರಿಸಿ ನಿಲ್ಲುತ್ತದೆ. ಅವರು ರೈಫಲ್ ಎತ್ತುತ್ತಾರೆ, ಉಸಿರು ಬಿಡುತ್ತಾರೆ, ಮತ್ತೆ ಇಳಿಸುತ್ತಾರೆ. ಜಿಂಕೆಯ ಹಿಂದೆ ಗುಂಡು ತಡೆಯುವ ಮಣ್ಣಿನ ದಿಬ್ಬವಿಲ್ಲ. ಮರಗಳಾಚೆ ಜನ ನಾಯಿ ಅಡ್ಡಾಡಿಸುವ ಕಾಲುದಾರಿ. ಜಿಂಕೆ ಮೇಯುತ್ತ ಮರೆಯಾಗುತ್ತದೆ.

"ಭಾಳ ದಿನ ಹಿಂಗ ಬರಿಗೈಲೆ ಇಳೀತೀನ್ರಿ," ಎನ್ನುತ್ತಾ ಏಣಿ ಇಳಿಯುತ್ತಾರೆ. "ಹೊಡಿಯೂದು ಕಡಿಮಿ. ಕುಂದರೂದು ಜಾಸ್ತಿ."

ವಿಜಯಪುರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ಕೃಷ್ಣವೇಣಿ ಲಂಡನ್ನಿನ ಪಶ್ಚಿಮದ ಗ್ರೀನ್‌ಫರ್ಡ್‌ಗೆ ಬಂದದ್ದು ಗಂಡ ವಿಕಾಸ ಇಲ್ಲಿನ ಗೋದಾಮಿನಲ್ಲಿ ಕೆಲಸ ಹಿಡಿದಾಗ. ಹೊತ್ತು ಹೋಗದೆ ಭಾನುವಾರಗಳಂದು ಗಿಡ ನೆಡುವ ತಂಡ ಸೇರಿದರು. ನೆಟ್ಟ ಸಸಿಗಳು ಮರುವಸಂತಕ್ಕೆ, ಜಿಂಕೆಗಳು ಮೇದು, ಬರೀ ಕಡ್ಡಿಗಳಾಗಿ ನಿಂತಿದ್ದವು. ತೋಳ, ಚಿರತೆ ಯಾವುದೂ ಇಲ್ಲದ ನಾಡು. ಜಿಂಕೆಗಳು ಹೆಚ್ಚುತ್ತಲೇ ಹೋಗುತ್ತವೆ, ಎಳೆಯ ಕಾಡು ಮೇಲೇಳುವುದಿಲ್ಲ. ಕಾಡು ನೋಡಿಕೊಳ್ಳುತ್ತಿದ್ದ ಗ್ರಹಾಂ ಎಂಬ ಹಿರಿಯರೇ ಅವರಿಗೆ ಗುರಿ ಹಿಡಿಯುವುದನ್ನು ಕಲಿಸಿದರು. ಪರೀಕ್ಷೆ, ಪರವಾನಗಿ ಎಲ್ಲ ಮುಗಿದು ಈಗ ಜಿಂಕೆಗಳ ಸಂಖ್ಯೆ ತಗ್ಗಿಸುವುದೇ ಅವರ ಉದ್ಯೋಗ.

ಮನೆಯಲ್ಲಿ ಮೊಟ್ಟೆಯೂ ಒಲೆ ಏರುವುದಿಲ್ಲ. ಹೀಗಾಗಿ ಇಲ್ಲಿನ ಕನ್ನಡಿಗರು ಸೇರಿದ್ದ ದೀಪಾವಳಿಯ ಊಟದಲ್ಲಿ ಬೆಂಗಳೂರಿನ ರಾಮಪ್ರಸಾದ್, "ಏನ್ರೀ ಮೇಡಂ, ತಿನ್ನಲ್ಲ, ಆದ್ರೆ ಶೂಟ್ ಮಾಡ್ತೀರಾ? ಯಾವ ಲಾಜಿಕ್ ಇದು?" ಎಂದು ಕೇಳಿದಾಗ ಸುತ್ತಲಿದ್ದವರು ನಕ್ಕರು. ಕೃಷ್ಣವೇಣಿ ನಗಲಿಲ್ಲ. ರಾಮಪ್ರಸಾದರ ತಟ್ಟೆಗೆ ಪಲ್ಯ ಬಡಿಸಿ ಮುಂದೆ ಹೋದರು.

ಅವರನ್ನು ಹೆಚ್ಚು ಕಾಡಿದ ಪ್ರಶ್ನೆ ಬೇರೆಯದು: ಯಾವ ಕಾಡತೂಸು? ಅವರ ಬಳಿ ಇದ್ದದ್ದು 'ಟೂ-ಫೋರ್-ಥ್ರೀ' ಎಂದು ಕರೆಯುವ ಸಣ್ಣ ಅಳತೆಯ ಕಾಡತೂಸಿನ ರೈಫಲ್. ಹೆಗಲಿಗೆ ಹಗುರ, ಜಿಂಕೆಗೆ ಸಾಕು. ಆದರೆ ಹೋದ ಚಳಿಗಾಲ, ಅವರು ಜಿಂಕೆಗೆಂದು ಹೋಗುತ್ತಿದ್ದ, ಲಂಡನ್ನಿನ ದಕ್ಷಿಣಕ್ಕಿರುವ ಸಸೆಕ್ಸಿನ ತೋಟಕ್ಕೆ ಕಾಡುಹಂದಿಗಳು ನುಗ್ಗಿದವು. ಮಾಲೀಕ ಕರೆಸಿದ್ದ ಬೇರೊಬ್ಬ ಬೇಟೆಗಾರ ನಸುಕಿನಲ್ಲಿ ಅದೇ ಸಣ್ಣ ಅಳತೆಯ ಗುಂಡು ಹೊಡೆದ. ಹಂದಿಯ ಭುಜದ ದಪ್ಪ ತೊಗಲು, ಮೂಳೆಯಲ್ಲಿ ಗುಂಡು ಚೂರಾಯಿತು. ಹಂದಿ ಮುಳ್ಳುಪೊದೆ ಹೊಕ್ಕಿತು. ಹುಡುಕಲು ಕೃಷ್ಣವೇಣಿಗೆ ಕರೆ ಬಂತು. ಜಾಡು ಹಿಡಿಯುವ ನಾಯಿಯ ಹಿಂದೆ ತೆವಳುತ್ತ ಹೋದವರಿಗೆ ಅದು ಸಿಕ್ಕಾಗ ಮಧ್ಯಾಹ್ನ ಕಳೆದಿತ್ತು.

"ಇನ್ನೂ ಜೀಂವ ಇತ್ರಿ. ನನ್ನ ಕಡೆ ನೋಡಿತು," ಎನ್ನುತ್ತಾರೆ. ಅದರ ನೋವು ಮುಗಿಸಿದ್ದು ಅವರೇ. ಅಂದು ಮನೆಗೆ ಬಂದು ಉಣ್ಣಲಿಲ್ಲ.

ಮಾಲೀಕ ಹಂದಿಯ ಕೆಲಸವನ್ನೂ ಅವರಿಗೇ ಒಪ್ಪಿಸಲು ಬಂದ. ಒಪ್ಪುವ ಮೊದಲು ಅವರು ಬಂದೂಕಿನ ಅಂಗಡಿಗೆ ಹೋದರು. ಅಂಗಡಿಯ ಡೆರೆಕ್ ಮೂರು ಕಾಡತೂಸುಗಳನ್ನು ಸಾಲಾಗಿ ನಿಲ್ಲಿಸಿದ: ಅವರದೇ ಸಣ್ಣದು, ನಡುವಿನ 'ಥ್ರೀ-ಓ-ಎಯ್ಟ್', ಬೆರಳಿಗಿಂತ ಉದ್ದದ ಮ್ಯಾಗ್ನಮ್. ಹಂದಿಗೆ ದೊಡ್ಡದೇ ಇರಲಿ ಎಂಬುದು ಅವನ ಮಾತು. ಅಭ್ಯಾಸದ ಮೈದಾನದಲ್ಲಿ ಮ್ಯಾಗ್ನಮ್ ಹಾರಿಸಿ ನೋಡಿದರು. ಹೆಗಲು ಬಾತುಕೊಂಡಿತು. ಮೂರನೆಯ ಸಲ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಂಡವು; ಗುಂಡು ಎತ್ತಲೋ ಹೋಯಿತು.

ಅಂದು ಸಂಜೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆ ರತ್ನವ್ವ ಸೊಸೆಯ ಮುಖ ನೋಡಿ ಏನೆಂದು ಕೇಳಿದರು. ಸೊಸೆಯ ಈ ಕೆಲಸ ಹಿಡಿಸದೆ ಆ ಬಗ್ಗೆ ಎಂದೂ ತುಟಿ ಬಿಚ್ಚದವರು. ಕೃಷ್ಣವೇಣಿ ಎಲ್ಲ ಹೇಳಿದರು.

"ನಿನ್ನ ನಂಬರಗೋಳು ನನಗ ತಿಳಿಯಂಗಿಲ್ಲವಾ," ಎಂದರು ರತ್ನವ್ವ. "ಅದು ನರಳಬಾರದು, ನೀ ಅಂಜಬಾರದು. ಹಂತಾದ್ದು ಯಾವುದೈತಿ ಅದನ್ನ ತಗೋ."

ಅಲ್ಲಿಗೆ ಅದು ತೀರ್ಮಾನವಾಯಿತು. ಪೊಲೀಸರ ಅನುಮತಿ ಪಡೆದು ನಡುವಿನ ಅಳತೆಯ ರೈಫಲ್ ಕೊಂಡರು. ಗುಂಡು ಮಾತ್ರ ಸೀಸದ್ದಲ್ಲ, ತಾಮ್ರದ್ದು. ತಾಮ್ರ ಚೂರಾಗದೆ ಆಳಕ್ಕಿಳಿಯುತ್ತದೆ. ಬೇಟೆಯ ನಂತರ ಕಾಡಲ್ಲೇ ಬಿಟ್ಟ ಕರುಳು ತಿನ್ನುವ ಹದ್ದು, ಕಾಗೆಗಳ ಹೊಟ್ಟೆಗೆ ಸೀಸದ ವಿಷ ಸೇರುವುದಿಲ್ಲ. ಮೊದಲು ತಂದ ಕಂಪನಿಯ ಕಾಡತೂಸು ಆ ರೈಫಲ್ಲಿಗೆ ಒಗ್ಗದೆ ಗುರಿಹಲಗೆಯ ಮೇಲೆ ಚದುರಿತು. ಬೇರೆಯದನ್ನು ತಂದು, ತೂತುಗಳು ಒಂದರ ಪಕ್ಕ ಒಂದು ಬೀಳುವವರೆಗೆ ಅಭ್ಯಾಸ ಮಾಡಿದರು. ಕಾಡುಕುರಿಯಷ್ಟೇ ಎತ್ತರದ ಪುಟ್ಟ ಜಿಂಕೆಗಳಿಗೆ ಮಾತ್ರ ಹಳೆಯ ರೈಫಲ್ ಉಳಿಸಿಕೊಂಡರು.

ಫೆಬ್ರುವರಿಯ ಒಂದು ಮುಂಜಾನೆ ಸಸೆಕ್ಸಿನ ಆ ತೋಟದಲ್ಲಿ ಹಂದಿಗಳ ಹಿಂಡು ಬಂತು. ಮರಿಗಳಿದ್ದ ತಾಯಿಯನ್ನು ಬಿಟ್ಟರು. ಹಿಂದೆ ಬಂದ ಗಂಡುಹಂದಿ ಮಣ್ಣಿನ ದಿಬ್ಬದ ಮುಂದೆ ಪಕ್ಕೆ ತೋರಿಸಿ ನಿಂತಾಗ ಒಂದೇ ಗುಂಡು. ನಿಂತಲ್ಲೇ ಬಿತ್ತು. ಕೃಷ್ಣವೇಣಿ ರೈಫಲ್ಲಿನಲ್ಲಿ ಉಳಿದ ಕಾಡತೂಸು ತೆಗೆದರು. ಆಮೇಲೆ ಏಣಿ ಇಳಿದು ಹಂದಿಯ ಹಣೆ ಮುಟ್ಟಿದರು.

ಮನೆಗೆ ಬಂದು ಸ್ನಾನ ಮುಗಿಸಿದಾಗ ರತ್ನವ್ವ ತಟ್ಟೆ ಹಾಕಿ ಕಾದಿದ್ದರು.

"ಓಡಿತೇನು?"

"ಇಲ್ರಿ ಅತ್ತಿ."

"ಹಂಗಾರ ಉಣ್ಣು," ಎಂದು ಬಿಸಿ ರೊಟ್ಟಿ ಬಡಿಸಿದರು. ಅಂದಿನಿಂದ ಆ ಕೆಲಸದ ಬಗ್ಗೆ ಅತ್ತೆ-ಸೊಸೆ ಮಾತಾಡುವುದು ರೂಢಿಯಾಯಿತು.

ಈ ಕೆಲಸಕ್ಕೆ ಬಿರುದಿಲ್ಲ, ಚಪ್ಪಾಳೆಯೂ ಇಲ್ಲ. ಬೇಕೆಂದು ಅವರಿಗೆ ಅನಿಸಿಯೂ ಇಲ್ಲ. ಇನ್ನೇನು ಆಸೆ ಎಂದು ಕೇಳಿದರೆ, ಕಾರಿನ ಡಿಕ್ಕಿ ಮುಚ್ಚುತ್ತ ಯೋಚಿಸುತ್ತಾರೆ.

"ಗುಂಡು ಸಪ್ಪಳಕ್ಕಿಂತ ಮುಂದ ಹೋಗ್ತೈತ್ರಿ. ನಾ ಸರಿ ಹೊಡದ್ರ ಪ್ರಾಣಿಗೆ ಸಪ್ಪಳನ ಕೇಳಂಗಿಲ್ಲ. ನಾ ಈ ಕೆಲಸ ಬಿಡೂತನಕ ಒಂದಕ್ಕೂ ಕೇಳಬಾರದು. ಅಷ್ಟ ನೋಡ್ರಿ."