ಮಾವನ ತೋಳಿನೊಳಗಿನ ತಿರುವು

ಹೊಲಿಗೆ ಬಿಚ್ಚಬಹುದಿತ್ತು. ಕೀವಾಗಬಹುದಿತ್ತು. ತೋಳಿನೊಳಗೆ ಹಾಕಿದ ನಳಿಗೆ ಮಡಚಿಕೊಂಡು ರಕ್ತ ಅಲ್ಲೇ ಹೆಪ್ಪುಗಟ್ಟಬಹುದಿತ್ತು. ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ಯಾರದೋ ಬ್ಯಾಗು ಆ ತೋಳಿಗೇ ಒರಗಬಹುದಿತ್ತು. ಇಷ್ಟನ್ನೂ ನಾನು ಆಪರೇಶನ್ನಿಗೆ ಮೊದಲೇ ಮನಸ್ಸಿನಲ್ಲಿ ಅನುಭವಿಸಿ ಮುಗಿಸಿದ್ದೆ. ಈಗ ಠಾಕುರ್ಲಿಯ ಮನೆಯಲ್ಲಿ ಸೋದರಮಾವನ ಎಡದೋಳಿನ ಮೇಲೆ ಅಂಗೈ ಇಟ್ಟರೆ, ಹಳೆಯ ಫ್ರಿಜ್ಜಿನ ಬೆನ್ನು ಮುಟ್ಟಿದ ಹಾಗೆ ಜುಂಯ್ ಎನ್ನುತ್ತದೆ. ರಕ್ತ ಹರಿಯುತ್ತಿದೆ ಎಂದರ್ಥ. ಅದು ನಿಂತರೆ ಮಾವನ ಡಯಾಲಿಸಿಸ್ಸಿಗೆ ದಾರಿಯಿಲ್ಲ. ದಿನಕ್ಕೊಮ್ಮೆ ಮುಟ್ಟಿ ನೋಡಿದರೆ ಸಾಕಂತೆ. ನಾನು ಚಹಾಕ್ಕೊಮ್ಮೆ, ಟೀವಿಯ ಜಾಹೀರಾತಿಗೊಮ್ಮೆ ಮುಟ್ಟುತ್ತೇನೆ.

ಆಪರೇಶನ್ನಿಗೆ ಮೊದಲು ಸಾನಪಾಡಾದ ಕ್ಲಿನಿಕ್ಕಿನಲ್ಲಿ, ಮೈಸೂರಿನ ಕಡೆಯ ಡಾಕ್ಟರಮ್ಮ ಕೃತಕ ರಕ್ತನಾಳವನ್ನು ಕುದುರೆ ಲಾಳದಂತೆ ಬರೆದು ತೋರಿಸಿದಾಗ ನಾನು ಆ ತಿರುವಿನ ಮೇಲೇ ಬೆರಳಿಟ್ಟೆ. ಮಾವನ ಹೋಟೆಲಿನ ಗಲ್ಲಾದಲ್ಲಿ ಕೂತವನು ನಾನು. ಸಿಂಕು ಕಟ್ಟಿಕೊಳ್ಳುವುದು ಪೈಪಿನ ತಿರುವಿನಲ್ಲೇ ಎಂಬುದೊಂದೇ ನನಗೆ ಗೊತ್ತಿರುವ ವಿಜ್ಞಾನ.

"ನೇರ ಹಾಕಿ ಮೇಡಂ. ಬೆಂಡ್ ಇದ್ದಲ್ಲಿ ಅನ್ನ ನಿಲ್ತದೆ."

"ಹರಿಯೋದು ರಕ್ತ ಸರ್, ಅನ್ನ ಅಲ್ಲ. ಸೂಜಿ ಚುಚ್ಚೋಕೆ ಉದ್ದ ಬೇಕು, ಅದಕ್ಕೇ ಈ ಸುತ್ತು. ತಿರುವು ಅಗಲವಾಗಿದ್ರೆ ಸಲೀಸಾಗಿ ಹೋಗುತ್ತೆ, ಮಡಚಿಕೊಳ್ಳಬಾರದು ಅಷ್ಟೆ. ನಾನು ಹುಷಾರಾಗಿರೋದು ಇದು ನಿಮ್ಮ ಮಾವನ ರಕ್ತನಾಳಕ್ಕೆ ಸೇರೋ ಜಾಗದಲ್ಲಿ. ಅಲ್ಲಿ ಜೋಡಿಸೋ ಕೋನ ತಪ್ಪಿದ್ರೆ ರಕ್ತದಲ್ಲಿ ಸುಳಿ ಏಳುತ್ತೆ, ಬರ್ತಾ ಬರ್ತಾ ಒಳಗೋಡೆ ದಪ್ಪ ಆಗಿ ದಾರಿ ಕಿರಿದಾಗುತ್ತೆ."

ಚಿಂತಿಸಲು ನನಗೆ ಹೊಸ ಜಾಗ ಸಿಕ್ಕಿತು.

"ಮೊದಲು ಇವನಿಗೊಂದು ಗುಳಿಗೆ ಕೊಡಿ ಮಾರ್ರೆ," ಎಂದರು ಮಾವ.

"ಹೆಚ್ಚು ಬಳಸದ ಕೈಗೆ ಹಾಕೋಣ. ಊಟ ಯಾವ ಕೈಯಲ್ಲಿ?" ಎಂದರು ಡಾಕ್ಟರಮ್ಮ.

ಮಾವ ಬಾಯಿ ತೆರೆಯುವ ಮೊದಲೇ ಅತ್ತೆ, ಇಡೀ ಉಡುಪಿಯ ಮಾನವೇ ಹೋದಂತೆ, "ಬಲಗೈಯಲ್ಲೇ! ನಾವೆಂತ ಎಡಗೈಯಲ್ಲಿ ಉಣ್ಣುವವರಾ?" ಎಂದುಬಿಟ್ಟರು. ಎಡದೋಳಿಗೇ ಹಾಕಿದರು.

ಸುತ್ತು ಚೆಂದವಾಗಿ ಕೂತಿತು. ಸೇರುವ ಜಾಗದಲ್ಲೂ ತಕರಾರಿಲ್ಲ. ನಾನು ಹೆದರಿದ್ದು ಯಾವುದೂ ನಡೆಯಲಿಲ್ಲ.

ಕಳೆದ ಭಾನುವಾರ ಮಾವ ಅಟ್ಟದಿಂದ ಕೇರಂ ಬೋರ್ಡ್ ಇಳಿಸಿದರು. ಪೌಡರ್ ಉದುರಿಸಿ, ಎಂದಿನಂತೆ ಎಡದೋಳನ್ನು ಬೋರ್ಡಿನ ಅಂಚಿಗೆ ಊರಿ, ಸ್ಟ್ರೈಕರಿಗೆ ಆ ಕೈಯದೇ ಬೆರಳು ಮಡಚಿದರು. ಅತ್ತೆಯೂ ನಾನೂ ಒಟ್ಟಿಗೇ ಕಿರುಚಿದೆವು: "ಆ ಕೈ ಒತ್ತಬೇಡಿ!"

"ಊಟದ ಕೈ ಯಾವುದು ಅಂತ ಕೇಳಿದ್ರು," ಎಂದರು ಮಾವ ತಣ್ಣಗೆ. "ಕೇರಂನ ಕೈ ಯಾರು ಕೇಳಿದ್ದು?"

ಬಲಗೈಯಲ್ಲಿ ಹೊಡೆದರು. ಕಾಯಿ ಸೋಫಾದ ಅಡಿಗೆ ಹೋಯಿತು. ಮೀಸೆ ಬಂದಾಗಿನಿಂದ ಅವರೆದುರು ಸೋಲುತ್ತಲೇ ಬಂದ ನಾನು, ಸ್ವಾಮಿ, ಗೆದ್ದುಬಿಟ್ಟೆ.

ಅವರ ಎಡದೋಳಿನತ್ತ ಅಂಗೈ ಚಾಚಿದೆ.

"ಹರೀತಾ ಉಂಟು," ಎಂದರು ಮಾವ, ಕಾಯಿಗಳನ್ನು ಮತ್ತೆ ಜೋಡಿಸುತ್ತಾ. "ಕೈ ತೆಗಿ. ಕೂತ್ಕೋ."