ಮುಂದೂಡಿದ ನಾಲ್ಕನೇ ಆಲ್ಬಮ್

ನಗೋಯಾದಲ್ಲಿ ನಾನು ಕಾರಿನ ಬ್ರೇಕು ಪರೀಕ್ಷಿಸುವ ಇಂಜಿನಿಯರು. ಭಾನುವಾರ ಬೆಳಿಗ್ಗೆ ಮಾತ್ರ ಇಂಗ್ಲೆಂಡಿನ ಒಂದು ಬ್ಯಾಂಡಿಗೆ ಬೇಸ್ ಗಿಟಾರ್ ನುಡಿಸುವವನು. ಅಸಲಿ ಬ್ಯಾಂಡಲ್ಲ, ಅದರ ನಕಲು. ಜಪಾನಿನಲ್ಲಿ ಇದನ್ನು ಕಾಪಿ ಬ್ಯಾಂಡ್ ಎನ್ನುತ್ತಾರೆ. ಕೂದಲು ನರೆತ ಆಫೀಸಿನವರು ಬಾಡಿಗೆ ಸ್ಟುಡಿಯೋದಲ್ಲಿ ಸೇರಿ, ಹರೆಯದಲ್ಲಿ ತಾವು ಪೂಜಿಸಿದವರ ಹಾಡುಗಳನ್ನು ಒಂದು ಸ್ವರವೂ ಆಚೀಚೆಯಾಗದಂತೆ ನುಡಿಸುತ್ತಾರೆ. ನಮ್ಮಲ್ಲಿ ಹಾಡುತ್ತಿದ್ದವರು ನನ್ನ ವಿಭಾಗದ ಹಿರಿಯರು, ನಿವೃತ್ತಿಗೆ ಹತ್ತಿರವಾಗಿದ್ದವರು. ಗಿಟಾರ್ ಮತ್ತು ಡ್ರಮ್ ಅವರ ಇಬ್ಬರು ಹಳೆಯ ಸ್ನೇಹಿತರದು. ಬೇಸ್ ನುಡಿಸುತ್ತಿದ್ದವರಿಗೆ ವರ್ಗವಾದಾಗ, ಬೆಂಗಳೂರಿನ ಕಾಲೇಜಿನಲ್ಲಿ ಒಂದಷ್ಟು ದಿನ ತಂತಿ ಮೀಟಿದ್ದ ನನ್ನನ್ನು ಕರೆದುಕೊಂಡರು.

ಆ ಇಂಗ್ಲಿಷ್ ಬ್ಯಾಂಡಿನ ಬಾಳು ದೊಡ್ಡದೇನಲ್ಲ. ಪಂಕ್ ಸಂಗೀತದ ಗಲಾಟೆ ಅಡಗಿದ ಮೇಲೆ, ಎಂಬತ್ತರ ದಶಕದಲ್ಲಿ ತಲೆ ಎತ್ತಿತು. ಮೊದಲ ಆಲ್ಬಮ್ಮಿನಲ್ಲಿ ಸಿಟ್ಟು, ಎರಡನೆಯದರಲ್ಲಿ ಬರೀ ಮಂಕು, ಮೂರನೆಯದರಲ್ಲಿ ಒಂದಿಷ್ಟು ಹೆಸರು. ನಾಲ್ಕನೆಯದು ಬರುವಷ್ಟರಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲವಂತೆ. ಅದನ್ನು ಕೇಳುವವರೂ ಇರಲಿಲ್ಲ. ಯಾವುದೋ ಸಣ್ಣ ಊರಿನಲ್ಲಿ ಕೊನೆಯ ಸಲ ನುಡಿಸಿ, ಜಗಳವನ್ನೂ ಆಡದೆ ಮನೆಗೆ ಹೋದರು. ಮತ್ತೆ ಸೇರಲಿಲ್ಲ.

ನಮ್ಮ ಹಿರಿಯರು ಇದನ್ನೂ ನಕಲು ಮಾಡಹೊರಟಿದ್ದರು. ಅದೇ ಕ್ರಮದಲ್ಲಿ ವರ್ಷಕ್ಕೊಂದು ಆಲ್ಬಮ್, ವಸಂತದಲ್ಲಿ ಒಂದೇ ಒಂದು ಕಾರ್ಯಕ್ರಮ. ನಾಲ್ಕನೆಯದು ಆದ ದಿನ ನಮ್ಮ ಬ್ಯಾಂಡೂ ಮುಗಿದಂತೆ. ಈ ನಿಯಮ ನನಗೆ ಮೊದಲಿನಿಂದಲೂ ಬೇಡವಾಗಿತ್ತು. ಹತ್ತು ವರ್ಷದಲ್ಲಿ ಇಲ್ಲಿ ನನಗೆ ಸಿಕ್ಕ ಗೆಳೆಯರೆಂದರೆ ಈ ಮೂವರೇ. ಮುಗಿದ ಮೇಲೆ ಯಾರು ಯಾರನ್ನು ಕರೆಯುತ್ತಾರೆ? ಸುಮ್ಮನೆ ಕಾಫಿಗೆ ಬನ್ನಿ ಎನ್ನುವ ಅಭ್ಯಾಸ ಅವರಿಗೂ ಇಲ್ಲ, ನನಗೂ ಬಾರದು.

ಮೂರು ಆಲ್ಬಮ್ ಆಯಿತು. ನಾಲ್ಕನೆಯದಕ್ಕೆ ಸಿದ್ಧವಾಗುತ್ತಿದ್ದಾಗ ಕೊರೋನಾ ಬಂತು, ಕಾರ್ಯಕ್ರಮದ ಜಾಗಗಳೆಲ್ಲ ಬಾಗಿಲು ಹಾಕಿದವು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಎಲ್ಲ ಕಡೆ ಸಾವಿನ ಸುದ್ದಿ ಬರುತ್ತಿರುವಾಗ ನಾನು ಒಳಗೊಳಗೇ ಖುಷಿಪಟ್ಟೆ. ಬರೆಯಲು ನಾಚಿಕೆಯಾಗುತ್ತದೆ.

ಮರುವರ್ಷ ಅನುಮತಿ ಸಿಕ್ಕಿತು: ಅರ್ಧ ಜನ, ಎಲ್ಲರಿಗೂ ಮಾಸ್ಕ್, ಕೇಳುವವರು ಕೂಗುವಂತಿಲ್ಲ, ಚಪ್ಪಾಳೆ ಮಾತ್ರ. ನಾಲ್ವರೂ ಕಂಪ್ಯೂಟರಿನ ಪರದೆಯ ಮೇಲೆ ಸೇರಿದೆವು. ಇಲ್ಲಿ ತೀರ್ಮಾನವೆಂದರೆ ಎಲ್ಲರೂ ಒಪ್ಪಬೇಕು. ಒಬ್ಬನ ಮುಖ ಸಪ್ಪಗಾದರೂ ವಿಷಯವನ್ನು ಮುಂದೂಡಿಬಿಡುತ್ತಾರೆ. ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸ್ವಲ್ಪ ಎನ್ನುವ ಅರ್ಥದ ‘ಚೊತ್ತೋ’ವನ್ನು ಎಳೆದು ನಿಲ್ಲಿಸಿದರೆ ಸಾಕು.

“ಈ ಸಲ ಮಾಡಿಬಿಟ್ಟರೆ ಒಳ್ಳೆಯದೇನೋ,” ಎಂದರು ಹಿರಿಯರು. ಅವರು ತಮ್ಮ ಆಸೆಯನ್ನು ಎಲ್ಲರಿಗಿಂತ ಮೊದಲು ಹೇಳಿದ್ದು ಅದೇ ಮೊದಲು. ದನಿ ಸ್ವಲ್ಪ ಒಡೆದಿತ್ತು. ವಯಸ್ಸು ಎಂದುಕೊಂಡೆ.

“ಮನೆಯಲ್ಲಿ ಚಿಕ್ಕ ಮಗಳಿದ್ದಾಳೆ. ಚೊತ್ತೋ...” ಎಂದೆ.

“ಹೌದು ಹೌದು, ಸುಮಿಮಾಸೆನ್,” ಎಂದು ಅವರೇ ತಲೆಬಾಗಿಸಿ ಕ್ಷಮೆ ಕೇಳಿದರು.

ಪರದೆ ಆರಿಸಿದ ಮೇಲೆ, ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಹೆಂಡತಿ ನಕ್ಕಳು. “ದಿನಾ ಸಬ್‌ವೇಲಿ ಆಫೀಸಿಗ್ ಹೋಗ್ತೀರಲ್ರೀ, ಕೊರೋನಾ ಬರೀ ಸಂಡೇ ಮಾತ್ರ ಬರತ್ತಾ? ಮಗೂ ಮೇಲ್ ಯಾಕ್ ಹಾಕ್ತೀರಾ?”

“ನಿಂಗೇನ್ ಗೊತ್ತು ರಿಸ್ಕು!” ಎಂದು ರೇಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಎರಡು ತಿಂಗಳ ಮೇಲೆ ಡ್ರಮ್ಮಿನವರ ಮೆಸೇಜ್ ಬಂತು. ಹಿರಿಯರ ಗಂಟಲಲ್ಲಿ ಗಡ್ಡೆ ಇತ್ತು, ಆಪರೇಷನ್ ಆಗಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದಾರೆ. ನಾವು ಪರದೆಯ ಮೇಲೆ ಮಾತಾಡಿದ ದಿನವೇ ಅವರಿಗೆ ಇದು ಗೊತ್ತಿತ್ತಂತೆ. ಇರುವ ದನಿಯಲ್ಲಿ ಒಮ್ಮೆ ಹಾಡಿಬಿಡಬೇಕೆಂದಿದ್ದರಂತೆ. ಕಾರಣ ಹೇಳಿದರೆ ನಮಗೆ ಇಲ್ಲವೆನ್ನಲು ಕಷ್ಟವಾದೀತು ಎಂದು ಸುಮ್ಮನಿದ್ದರು.

ಮೆಸೇಜನ್ನು ಹೆಂಡತಿಗೆ ತೋರಿಸಿದೆ. ಅವಳು ಓದಿ ಫೋನು ವಾಪಸ್ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ವಸಂತದಲ್ಲಿ ನಾಲ್ಕನೆಯ ಆಲ್ಬಮ್ ನುಡಿಸಿದೆವು, ಹಾಡಿಲ್ಲದೆ. ಬೇರೆಯವರಿಂದ ಹಾಡಿಸೋಣ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಹಾಡು ಬರಬೇಕಾದ ಕಡೆಯೆಲ್ಲ ನನ್ನ ಬೇಸಿನ ಎರಡು ಸ್ವರ ಒಂಟಿಯಾಗಿ ಗುಂಯ್‌ಗುಟ್ಟುತ್ತಿದ್ದವು. ಹಿರಿಯರು ಮುಂದಿನ ಸಾಲಿನಲ್ಲಿ, ಮಾಸ್ಕ್ ಹಾಕಿ, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದರು. ದನಿ ಎತ್ತಬಾರದೆಂಬ ನಿಯಮ ಇನ್ನೂ ಇದ್ದುದರಿಂದ ಉಳಿದ ಇಪ್ಪತ್ತು ಜನರೂ ಅವರಂತೆಯೇ ಸುಮ್ಮನಿದ್ದರು. ಹೊಸಬರು ನೋಡಿದ್ದರೆ ಯಾರ ದನಿ ಹೋಗಿದೆ ಎಂದು ತಿಳಿಯುತ್ತಿರಲಿಲ್ಲ.

ಎಲ್ಲ ಮುಗಿದು ಕೇಬಲ್ ಸುತ್ತುತ್ತಿದ್ದಾಗ ಅವರು ನನ್ನ ಬಳಿಗೆ ಬಂದರು. ಭಯ ಕೊರೋನಾದ್ದಲ್ಲ, ನಿಮ್ಮನ್ನೆಲ್ಲ ಕಳೆದುಕೊಳ್ಳುವುದರದು ಎಂದು ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಫೋನಿನಲ್ಲಿ ಏನೋ ಬರೆದು ನನ್ನೆದುರು ಹಿಡಿದರು.

‘ಹೋದ ವರ್ಷ ನೀವು ತಡೆದದ್ದೇ ಒಳ್ಳೆಯದಾಯಿತು. ನನ್ನ ಸ್ವಾರ್ಥದಿಂದ ನಿಮ್ಮ ಮಗುವಿಗೆ ಏನಾದರೂ ಆಗಿದ್ದರೆ ನಾನು ಹೇಗೆ ಬದುಕುತ್ತಿದ್ದೆ? ನಿಮಗೆ ಋಣಿ.’

ಓದಿದೆನೆಂದು ಖಾತ್ರಿಯಾದ ಮೇಲೆ ಸೊಂಟ ಬಾಗಿಸಿ ನಮಸ್ಕರಿಸಿದರು. ನಾನೂ ಬಾಗಿದೆ.

“ಪರವಾಗಿಲ್ಲ,” ಎಂದೆ.